ವಾಟವಿಲ್ಲದ ಬಚ್ಚಲು

ನಮ್ಮಪ್ಪ ಆದೆಪ್ಪನ ಬಾಯಲ್ಲಿ ಬೈಗುಳ ಅಂತ ಇದ್ದದ್ದು ಒಂದೇ ಪದ: ವಾಟ. ದಢೇಸುಗೂರಿನ ಕಾಲುವೆ ಬದಿಯ ಗದ್ದೆಗಳಲ್ಲಿ ವಾಟ ಎಂದರೆ ಇಳಿಜಾರು. ಗದ್ದೆ ಒಂದು ಕಡೆಗೆ ವಾಟವಾಗಿದ್ದರೆ ನೀರೆಲ್ಲ ಅಲ್ಲಿಗೇ ಸೇರಿ ಆ ಕಡೆಯ ಸಸಿ ಕೊಳೆಯುತ್ತದೆ, ಈ ಕಡೆಯದು ಒಣಗುತ್ತದೆ, ನಡುವೆ ಕಳೆ ಕೊಬ್ಬುತ್ತದೆ. ಹಾಗಾಗಿ ಮೈಗಳ್ಳನನ್ನು ಕಂಡರೂ, ಮಾತು ತಿರುಚುವವನನ್ನು ಕಂಡರೂ ಅಪ್ಪ ಅನ್ನುತ್ತಿದ್ದದ್ದು ಅದನ್ನೇ. ನನ್ನ ಮದುವೆಯಲ್ಲಿ ಬೀಗರು ಊಟದ ವಿಷಯಕ್ಕೆ ತಕರಾರು ತೆಗೆದಾಗ ಎಲ್ಲರೂ ಜಗಳಕ್ಕೆ ನಿಂತರೆ, ಅಪ್ಪ ನನ್ನ ಕಿವಿಯಲ್ಲಿ "ಮನಿಯವ್ರು ಸ್ವಲ್ಪ ವಾಟ ಅದಾರ, ಹುಷಾರಿ" ಎಂದು ಹೇಳಿ ಸುಮ್ಮನಾಗಿದ್ದ.

ಗದ್ದೆ ಮಟ್ಟ ಮಾಡುವುದರಲ್ಲಿ ಅವನನ್ನು ಮೀರಿಸಿದವರು ಊರಲ್ಲಿ ಇರಲಿಲ್ಲ. ನಾಟಿಗೆ ಮುಂಚೆ ಗದ್ದೆಗೆ ನೀರು ಬಿಟ್ಟು, ಎತ್ತಿನ ಹಿಂದೆ ಹಲಗೆ ಕಟ್ಟಿ, ಅದರ ಮೇಲೆ ತಾನು ನಿಂತು, ಒಂದು ಕಾಲು ಒತ್ತಿ ಒಂದು ಕಾಲು ಸಡಿಲ ಬಿಟ್ಟು ಕೆಸರು ಸರಿಸುತ್ತಿದ್ದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಆಮೇಲೆ ಲೇಸರ್ ಹಚ್ಚಿದ ಮಷೀನೂ ಬಂತು. ಆದರೂ ಮಷೀನಿನವನು ಕೆಲಸ ಮುಗಿಸಿ ಹೋದ ಮೇಲೆ ಜನ ಅಪ್ಪನನ್ನು ಕರೆದು ತೋರಿಸುತ್ತಿದ್ದರು. ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತಲೆ ಓರೆ ಮಾಡಿ, "ಆ ಮೂಲ್ಯಾಗ ಎರಡು ಬೆರಳು ಎದ್ದೈತಿ" ಅನ್ನುತ್ತಿದ್ದ. ಅಳೆದರೆ ಎರಡೇ ಬೆರಳು ಇರುತ್ತಿತ್ತು. ಇದರಿಂದ ಅವನಿಗೆ ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನುವುದನ್ನು ಮಗಳಾದ ನಾನೇ ಹೇಳಬೇಕು. ಮನೆಯಲ್ಲಿ ಗೋಡೆಗೊಂದು ಕ್ಯಾಲೆಂಡರ್ ನೇತುಹಾಕಿದರೂ ದೂರ ನಿಂತು ತಲೆ ಓರೆ ಮಾಡುವ ಮನುಷ್ಯ.

ಎರಡು ವರ್ಷದ ಹಿಂದೆ ನಮ್ಮವ್ವ ವೀರಭದ್ರಮ್ಮನ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಸಿಂಧನೂರಿನ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದೆವು. ಮಾತು ಮರಳಿ ಬಂತು, ಕಾಲು ಕೋಲು ಹಿಡಿದು ನಡೆಯುವಷ್ಟಾಯಿತು, ಎಡಗೈ ಮಾತ್ರ ಸುಧಾರಿಸಲಿಲ್ಲ. ರೊಟ್ಟಿ ಬಡಿಯಲು ಬಾರದೆ ಹೋಯಿತೆಂದು ಆಕೆ ಕೊರಗಲಿಲ್ಲ. ಆಕೆಯ ಕೊರಗೆಲ್ಲ ಜಳಕದ್ದು. ಮೈ ತೊಳೆದು ಲಿಂಗಪೂಜೆ ಮಾಡಿಕೊಳ್ಳದೆ ಗುಟುಕು ನೀರು ಕುಡಿದವಳಲ್ಲ. ಈಗ ಆ ಮೈಯನ್ನು ಇನ್ನೊಬ್ಬರು ತೊಳೆಯಬೇಕು. ತಮ್ಮ ಚನ್ನವೀರನ ಹೆಂಡತಿ ಗಂಗಾ ತಾನು ಜಳಕ ಮಾಡಿಸುತ್ತೇನೆಂದಳು, ಅವ್ವ ಒಲ್ಲೆ ಎಂದಳು. ಕೊನೆಗೆ ಅಪ್ಪನೇ ದಿನಾ ಮುಂಜಾನೆ ರಟ್ಟೆ ಹಿಡಿದು ಒಳಗೆ ಕರೆದೊಯ್ದು ನೀರು ಹಾಕತೊಡಗಿದ. ನಲವತ್ತು ವರ್ಷ ಸಂಸಾರ ಮಾಡಿದ ಗಂಡನೇ ಆದರೂ ಆಕೆಗೆ ಅದು ಸಹಿಸಲಾಗುತ್ತಿರಲಿಲ್ಲ.

"ಸತ್ತ ಮ್ಯಾಲ ಹೆಂಗೂ ಯಾರರೆ ಮೈ ತೊಳಿತಾರ ಶಿವಗಂಗಾ," ಎಂದಳು ಒಮ್ಮೆ ನನ್ನ ಹತ್ತಿರ. "ಇದ್ದಾಗರೆ ನಾನ ತೊಳಕೊಬೇಕು. ಒಬ್ಬಾಕೀನ ಜಳಕ ಮಾಡಿ ಪೂಜಿಗೆ ಕುಂದ್ರಬೇಕು. ಅಷ್ಟಾದ್ರ ಸಾಕು ನನಗ."

ನಮ್ಮ ಹಳೆಯ ಬಚ್ಚಲಿಗೆ ಫರಸಿ ಕಲ್ಲು. ಅಂಚು ಮುರಿದು, ಸಂದಿಗೆಲ್ಲ ಪಾಚಿ ಹಿಡಿದು, ಎರಡು ಕಾಲು ಗಟ್ಟಿಯಿದ್ದವರೇ ಗೋಡೆ ಹಿಡಿದು ನಿಲ್ಲುವಂಥದ್ದು. ನೆಲಕ್ಕೆ ಜಾರದ ಟೈಲ್ಸ್ ಹಾಕಿಸಿ, ಕೂಡಲು ಸ್ಟೂಲು, ಹಿಡಿಯಲು ಗೋಡೆಗೊಂದು ಸ್ಟೀಲಿನ ಪೈಪು ಇಟ್ಟರೆ ಅವ್ವ ಒಬ್ಬಳೇ ಜಳಕ ಮಾಡಬಹುದು ಎಂದು ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವವರು ಹೇಳಿದರು. ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮಸ್ಕಿ ಮನೆಯ ಟೈಲ್ಸ್ ಹಾಕಿದ್ದು ಲಿಂಗಸುಗೂರಿನ ದಾನಿಷ್ ಎಂಬ ಗೌಂಡಿ. ಅವನಿಗೇ ಫೋನ್ ಮಾಡಿದೆ. ಈ ವರ್ಷದ ಏಪ್ರಿಲ್ ತಿಂಗಳು, ಎಲ್ಲ ಕಡೆ ಮನೆ ಕೆಲಸ. ನಲವತ್ತು ದಿನ ಬಿಟ್ಟು ಬರುತ್ತೇನೆಂದ. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ.

"ನಲವತ್ತು ದಿನ ಯಾಕ ಕಾಯಬೇಕು? ನಾನ ಹಾಕ್ತೀನಿ," ಎಂದ ಅಪ್ಪ.

"ಅದು ಗೌಂಡಿ ಕೆಲಸಪ್ಪಾ. ನೀ ರೈತ."

"ಅದರಾಗೇನೈತಿ ಅಂಥಾದ್ದು? ಮಟ್ಟ ಮಾಡೋದು ತಾನ? ಊರಾಗಿನ ಗದ್ದಿ ಎಲ್ಲಾ ಮಟ್ಟ ಮಾಡ್ದವಗ ಆರು ಫೂಟಿನ ಬಚ್ಚಲ ಹೆಚ್ಚಾತೇನು?"

ನನಗೆ ಸಿಟ್ಟು ಬೇಗ. "ನಿನ್ನ ಹಟಕ್ಕ ನಮ್ಮವ್ವ ಬಿದ್ದು ಸೊಂಟ ಮುರಕೋಬೇಕೇನು? ಕಲಿತವರು ಹಾಕ್ಲಿ. ಇದು ಹುಡುಗಾಟ ಅಲ್ಲ."

ಅಪ್ಪ ಜಗಳಕ್ಕೆ ಬರಲಿಲ್ಲ. "ಹಟ ಅಲ್ಲ ಬೇ," ಎಂದ. "ಆಕಿ ನಲವತ್ತು ವರ್ಷ ನನಗ ಅಡಿಗಿ ಮಾಡಿ ಹಾಕ್ಯಾಳ. ಆಕಿ ಜಳಕ ಮಾಡೋ ಜಾಗ, ಬ್ಯಾರೆ ಯಾರರೆ ಬಂದು ಮಾಡಿ ಹೋಗ್ಲೇನು?" ಬಚ್ಚಲಿನ ಅಳತೆ ಬರೆದುಕೊಳ್ಳಲು ನಾನು ಚೀಟಿ ತಂದೆ. ಕಾಲುವೆಗೆ ನೀರಿಲ್ಲದ ದಿನಗಳು, ಅವನಿಗೂ ಬೇರೆ ಕೆಲಸವಿರಲಿಲ್ಲ.

ಸಿಂಧನೂರಿನಲ್ಲಿ ಪರ್ವೇಜ್ ಎಂಬವರ ಅಂಗಡಿಗೆ ಅಪ್ಪ, ನಾನು, ಚನ್ನವೀರ ಹೋದೆವು. ನೆಲಕ್ಕೆ ತರಿತರಿಯಾದ ಬೂದು ಬಣ್ಣದ್ದು, ಗೋಡೆಗೆ ತಿಳಿ ಹಸಿರು. ಅಂಗಡಿಯವರು ಗೌಂಡಿ ಯಾರು ಎಂದು ಕೇಳಿದಾಗ ಅಪ್ಪ ಎದೆ ಮುಂದೆ ಮಾಡಿ "ನಾನ" ಎಂದ. ಅವರು ನನ್ನ ಮುಖ ನೋಡಿದರು, ನಾನು ಟೈಲ್ಸ್ ನೋಡಿದೆ.

ಕೆಲಸ ಹನ್ನೊಂದು ದಿನ ನಡೆಯಿತು. ಫರಸಿ ಕಿತ್ತು ಹಾಕಲಿಕ್ಕೇ ಎರಡು ದಿನ. ಮೊಬೈಲಿನಲ್ಲಿ ಯಾರೋ ಟೈಲ್ಸ್ ಹಾಕುವುದನ್ನು ನೋಡುತ್ತಾ, ನಿಲ್ಲಿಸುತ್ತಾ, ಮತ್ತೆ ನೋಡುತ್ತಾ ಅಪ್ಪ ಹಾಕಿದ. ಕತ್ತರಿಸುವಾಗ ಮೊದಲ ದಿನವೇ ಆರು ಒಡೆದವು. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಕಣ್ಣಲ್ಲೇ ನನ್ನನ್ನು ಸುಮ್ಮನಾಗಿಸಿದಳು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಈ ಮೂಲೆಗೊಂದು ತುದಿ, ಆ ಮೂಲೆಗೊಂದು ತುದಿ ಹಿಡಿದು ಮಟ್ಟ ನೋಡುತ್ತಿದ್ದ. ಅದರಲ್ಲಿ ಕೂದಲೆಳೆ ವ್ಯತ್ಯಾಸ ಕಂಡರೂ ಕೂಡಿಸಿದ ಟೈಲ್ಸ್ ಎಬ್ಬಿಸಿ ಮತ್ತೆ ಕೂಡಿಸುತ್ತಿದ್ದ. ಅರವತ್ತೈದರ ಮೊಣಕಾಲು, ಸಂಜೆ ಎದ್ದು ನಿಲ್ಲಲು ಬಾಗಿಲ ಚೌಕಟ್ಟು ಹಿಡಿಯಬೇಕಾಗುತ್ತಿತ್ತು. ಆದರೂ ಅಷ್ಟು ಖುಷಿಯಲ್ಲಿ ನಾನು ಅವನನ್ನು ಬಹಳ ದಿನದಿಂದ ನೋಡಿರಲಿಲ್ಲ.

ಹನ್ನೆರಡನೆಯ ದಿನ ಓಣಿಯವರನ್ನೆಲ್ಲ ಕರೆದ. ಕೊಡದಿಂದ ಬಚ್ಚಲ ನಡುವೆ ನೀರು ಸುರಿದ. ನೀರು ನಾಲ್ಕೂ ಕಡೆ ಒಂದೇ ಸಮ ಹರಡಿಕೊಂಡು, ನಾಲ್ಕೂ ಗೋಡೆಯನ್ನು ಒಮ್ಮೆಗೇ ಮುಟ್ಟಿ, ಅಲುಗಾಡದೆ ನಿಂತಿತು. ಪಕ್ಕದ ಮನೆಯ ಮಾಳಿಂಗಪ್ಪ ಬಾಗಿ ನೋಡಿ, "ಏನ್ ಮಟ್ಟ ಮಾಡೀಯಲೇ ಆದೆಪ್ಪಾ! ಒಂದು ಹನಿ ಆ ಕಡಿ ಈ ಕಡಿ ಇಲ್ಲ!" ಎಂದ. ಉಳಿದವರೂ ತಲೆದೂಗಿದರು. ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ನೀರು ಹೋಗುವ ತೂತಿನ ಮೇಲಿದ್ದ ಬಟ್ಟೆ ತೆಗೆದಾಗ ನೀರು ಹೋಯಿತು. ಹೋಯಿತು ಎಂದರೆ ಬಹಳಷ್ಟು ಹೋಯಿತು. ಕೊನೆಯ ಒಂದು ಪದರ ಅಲ್ಲೇ ಉಳಿಯಿತು. ಒಣಗುತ್ತದೆ ಬಿಡು ಎಂದೆವು. ಈಗ ನೆನೆದರೆ ನಗು ಬರುತ್ತದೆ. ಅಲ್ಲಿದ್ದ ಹತ್ತು ಹನ್ನೆರಡು ಜನರೂ ಹುಟ್ಟಿದಾಗಿನಿಂದ ನೀರು ನಿಲ್ಲಿಸುವುದನ್ನೇ ಕಲಿತವರು. ನಿಂತ ನೀರು ಕಂಡರೆ ನಮಗೆಲ್ಲ ಸಮಾಧಾನ. ಅದು ತಪ್ಪು ಎಂದು ಹೇಳುವ ಕಣ್ಣು ಆ ಗುಂಪಿನಲ್ಲಿ ಒಂದೂ ಇರಲಿಲ್ಲ, ಓದಿದ ನನ್ನದೂ ಸೇರಿ.

ಸಿಮೆಂಟು ಒಣಗಿದ ಮೇಲೆ ಅವ್ವ ಮೊದಲ ಸಲ ಒಬ್ಬಳೇ ಒಳಗೆ ಹೋದಳು. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಕಿವಿಗೊಟ್ಟು ನಿಂತೆವು. ಜಳಕ ಮುಗಿಸಿ ಬಂದು, ಆ ದಿನ ತಾಸುಗಟ್ಟಲೆ ಪೂಜೆಗೆ ಕೂತಳು. ಅಪ್ಪನಿಗೆ ಸುಮ್ಮನೆ ಅಡ್ಡ ಮಾತಾಡಿದೆನಲ್ಲ ಎಂದು ನಾಚಿಕೊಂಡು ನಾನು ಶಾಲೆ ಶುರುವಾಗುವ ಹೊತ್ತಿಗೆ ಮಸ್ಕಿಗೆ ಮರಳಿದೆ.

ಜೂನ್ ಕೊನೆಯ ಒಂದು ಭಾನುವಾರ ಮೊದಲ ಬಸ್ಸಿಗೆ ಹೊರಟು, ಸಿಂಧನೂರಿನಲ್ಲಿ ಬಸ್ಸು ಬದಲಿಸಿ, ಹೇಳದೆ ಕೇಳದೆ ಊರಿಗೆ ಹೋದೆ. ಮನೆಯಲ್ಲಿ ಇನ್ನೂ ಯಾರದೂ ಚಹಾ ಆಗಿರಲಿಲ್ಲ. ಬಚ್ಚಲ ಬಾಗಿಲು ತೆರೆದಿತ್ತು. ಒಳಗೆ ಅಪ್ಪ ಮೊಣಕಾಲೂರಿ, ಹಳೆಯ ಪಂಚೆಯ ಚೂರಿನಿಂದ ನೆಲ ಒರೆಸುತ್ತಿದ್ದ. ಅಂಗೈಯಿಂದ ನೀರನ್ನು ತೂತಿನ ಕಡೆ ದಬ್ಬುವುದು, ಉಳಿದದ್ದನ್ನು ಬಟ್ಟೆಗೆ ಹೀರಿಸುವುದು, ಹಿಂಡುವುದು.

"ಏನ್ ಮಾಡಾಕತ್ತೀಯಪ್ಪಾ?"

ಕದ್ದು ಸಿಕ್ಕವನ ಹಾಗೆ ಬೆಚ್ಚಿದ. "ಏನಿಲ್ಲ. ಗಂಗಾ ಅರಬಿ ಒಗದಿದ್ಲು, ಸ್ವಲ್ಪ ಹಸಿ ಇತ್ತು. ನಿಮ್ಮವ್ವ ಈಗ ಜಳಕಕ್ಕ ಬರ್ತಾಳ."

ಆಕೆಯ ಜಳಕಕ್ಕೆ ನೀರು ಬಿಟ್ಟವಳು ನಾನೇ. ಒಲೆಯ ಮೇಲಿನ ಹಂಡೆ ತುಂಬಾ ಬಿಸಿನೀರು ಕಾದಿದ್ದರೂ ಅರ್ಧ ಬಕೆಟ್ ಸಾಕೆಂದಳು. ಒಳಗೆ ಹೋದವಳು ಎರಡು ಮಾತಾಡುವಷ್ಟರಲ್ಲಿ ಹೊರಗೆ ಬಂದಳು. ಕೊಡಗಟ್ಟಲೆ ಹುಯ್ದುಕೊಂಡು ಜಳಕ ಮಾಡುತ್ತಿದ್ದ ಅವ್ವ! ಸೆರಗು ಸರಿಮಾಡುವಾಗ ನೋಡಿದರೆ ತಲೆಯೆಲ್ಲ ಜಿಡ್ಡು.

"ತಲಿ ಎರಕೊಂಡು ಎಷ್ಟು ದಿನ ಆತು?"

"ತಿಂಗಳಾಗಿರಬೇಕು." ಬಾಗಿಲ ಕಡೆ ನೋಡಿ, ಅಪ್ಪ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದಳು. "ನೀರು ಭಾಳ ಹಾಕೊಂಡ್ರ ಕಾಲ ಕೆಳಗ ನಿಂತು ಬಿಡ್ತೈತಿ. ಸಾಬಾಣ ಕೂಡಿದ್ರ ಜಾರತೈತಿ. ಎಡಗಾಲಿಗೆ ತಿಳಿಯಂಗಿಲ್ಲ ನೋಡು. ಎರಡು ಸಲ ಜೀವಾ ಹೋಗಿ ಬಂದಂಗಾತು. ಅದಕ್ಕ ಅರ್ಧ ಬಕೀಟಿನ್ಯಾಗ ಮುಗಸ್ತೀನಿ."

"ಅಪ್ಪಗ ಹೇಳ್ಬೇಕಿಲ್ಲೇನು?"

"ಹೆಂಗ ಹೇಳ್ಲಿ? ಆ ಮನುಷ್ಯಾ ಹನ್ನೊಂದು ದಿನ ಮೊಣಕಾಲ ಊರಿ ಹಾಕ್ಯಾನ. ನೀನೂ ಹೇಳಬ್ಯಾಡ. ಹೆಂಗೋ ನಡಸ್ತೀನಿ."

ಅವನು ಆಕೆಗೆ ಗೊತ್ತಾಗದಂತೆ ಒರೆಸುತ್ತಾನೆ, ಆಕೆ ಅವನಿಗೆ ಗೊತ್ತಾಗದಂತೆ ಅರ್ಧ ಬಕೆಟ್‌ನಲ್ಲಿ ಮುಗಿಸುತ್ತಾಳೆ. ಒಬ್ಬರ ಮನಸ್ಸು ಒಬ್ಬರು ಕಾಯುತ್ತಾ, ಇಬ್ಬರೂ ಆಕೆಯ ಸೊಂಟ ಮುರಿಯುವ ದಿನಕ್ಕೆ ಕಾದು ಕೂತಂತಿತ್ತು. ಒಮ್ಮೆ ಬಿದ್ದರೆ ಅವ್ವ ಹಾಸಿಗೆ ಬಿಟ್ಟು ಏಳುವವಳಲ್ಲ. ನನಗೆ ಮರುಕ ಹುಟ್ಟಬೇಕಿತ್ತು, ಹುಟ್ಟಿದ್ದು ಸಿಟ್ಟು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಅಪ್ಪಾ, ನೀ ಹಾಕಿದ್ದು ಬಚ್ಚಲಲ್ಲ, ಗದ್ದಿ. ನಾಟಿ ಹಚ್ಚು ಅದರಾಗ! ಅವ್ವ ಹೆದರಿ ತಿಂಗಳಿಂದ ತಲಿ ಎರಕೊಂಡಿಲ್ಲ. ನೀ ದಿನಾ ನೆಲಾ ಒರಸ್ತಿ. ನಾಳೆ ಆಕಿ ಬಿದ್ಲಂದ್ರ ನಿನ್ನ ಮಟ್ಟ ತಗೊಂಡು ಏನ್ ಮಾಡ್ತಿ?"

ಅವ್ವ ತಲೆ ಬಗ್ಗಿಸಿದಳು. ಅಪ್ಪ ಅವಳನ್ನೇ ನೋಡಿದ. "ಖರೇನ?" ಎಂದ. ಆಕೆ ಹೌದೆಂದು ತಲೆಯಾಡಿಸಿದಳು. ಅಪ್ಪ ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟು ಕೈತೊಳೆದು ಹೊರಗೆ ಹೋದ. ಸೊಸೆಯ ಮುಂದೆ ಹಾಗೆ ಅಂದೆನಲ್ಲ ಎಂದು ನನಗೆ ಕೆಟ್ಟದೆನಿಸಿತು. ಆದರೆ ಅಂದ ಮಾತು ತಪ್ಪು ಅನಿಸಲಿಲ್ಲ.

ಮರುದಿನ ನಾನು ಬಸ್ಸಿಗೆ ಹೊರಟು ನಿಂತಾಗ ಅಪ್ಪ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. "ದಾನಿಷಾ, ನಾ ದಢೇಸುಗೂರು ಆದೆಪ್ಪ. ಮಸ್ಕಿ ಶಿವಗಂಗಾನ ಅಪ್ಪ. ಬಚ್ಚಲಕ ಟೈಲ್ಸ್ ನಾನ ಹಾಕೀನಿ ತಮ್ಮಾ. ಎಲ್ಲಾ ಛಂದ ಐತಿ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ವಾಟ ಇಲ್ಲ. ನನಗ ವಾಟ ಮಾಡಾಕ ಬರಂಗಿಲ್ಲ. ನೀ ಬಂದು ಮಾಡಿಕೊಡು." ಜೀವಮಾನವಿಡೀ ಬೈಗುಳವಾಗಿ ಬಳಸಿದ ಪದವನ್ನು ಅವನು ಹೀಗೆ ಕೈಚಾಚಿ ಬೇಡುವುದನ್ನು ಕೇಳಿ ನನ್ನ ಕಣ್ಣು ತುಂಬಿದವು. ಅಪ್ಪ ಯಾರ ಮುಂದೂ 'ನನಗೆ ಬರುವುದಿಲ್ಲ' ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ದಾನಿಷ್ ಮುಂದಿನ ಭಾನುವಾರ ಬೈಕಿನಲ್ಲಿ ಬಂದ. ನಾನೂ ಅಷ್ಟೊತ್ತಿಗೆ ಬಂದಿದ್ದೆ. ಮೂವತ್ತೈದರ ಸಣಕಲ ಮನುಷ್ಯ, ಮಾತು ಕಡಿಮೆ. ಚೀಲದಿಂದ ಒಂದು ಗೋಲಿ ತೆಗೆದು ನೆಲದ ಮೇಲಿಟ್ಟ. ಅದು ಇಟ್ಟಲ್ಲೇ ಕೂತಿತು. ಜಾಗ ಬದಲಿಸಿ ನಾಲ್ಕು ಕಡೆ ಇಟ್ಟ. ಎಲ್ಲಿಯೂ ಉರುಳಲಿಲ್ಲ.

"ಕಾಕಾ, ಖರೇ ಹೇಳ್ತೀನಿ," ಎಂದ, "ಹದಿನೈದು ವರ್ಷ ಆತು ಈ ಕೆಲಸ ಮಾಡಾಕತ್ತು. ಇಷ್ಟು ಮಟ್ಟ ನನ್ನ ಕೈಲೂ ಬಂದಿಲ್ಲರಿ. ಗ್ವಾಡಿವು ಮುಟ್ಟಂಗಿಲ್ಲ ನಾ, ಅವು ಹಂಗ ಇರ್ಲಿ. ನೆಲದ್ದು ಅಷ್ಟ ತಗೀಬೇಕು."

"ಎಷ್ಟು ವಾಟ ಬೇಕು?" ಅಪ್ಪ ಕೇಳಿದ.

"ಮೂಲಿಯಿಂದ ತೂತಿನ ಕಡಿಗೆ ಒಂದೂವರೆ ಬೆರಳು ಇಳಿಸಿದ್ರ ಸಾಕು. ಕಣ್ಣಿಗೆ ಕಾಣಬಾರ್ದು, ಕಾಲಿಗೆ ತಿಳೀಬಾರ್ದು. ನೀರಿಗೆ ಅಷ್ಟ ಗೊತ್ತಾಗ್ಬೇಕು." ಹಾಗೆಂದವನು ಎದ್ದು ನಿಂತು ಕೇಳಿದ: "ಅಮ್ಮಾರನ್ನ ಕರೀರಿ ಸ್ವಲ್ಪ."

ಅವ್ವ ಬಂದು ಬಾಗಿಲಲ್ಲಿ ನಿಂತಳು. ಯಾವ ಕಾಲಿಗೆ ಬಲ ಇಲ್ಲ ಎಂದು ಕೇಳಿದ. ಒಳಗೆ ಬರುವಾಗ ಯಾವ ಕಾಲು ಮೊದಲು ಇಡುತ್ತೀರಿ, ಯಾವ ಕಡೆ ಮುಖ ಮಾಡಿ ಕೂಡುತ್ತೀರಿ, ಚೊಂಬು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದೆಲ್ಲ ಕೇಳಿದ. ಕೋಲಿಲ್ಲದೆ ಎರಡು ಹೆಜ್ಜೆ ನಡೆಸಿ ನೋಡಿದ. ಎಡಗಾಲು ಊರುವ ಕಡೆ ನೆಲ ಎತ್ತರ ಇರಬೇಕು, ನೀರು ಆ ಕಾಲಿನ ಕೆಳಗಿಂದ ಬಲಕ್ಕೆ ಓಡಿಹೋಗಬೇಕು, ಹಾಗಾಗಿ ಸ್ಟೂಲನ್ನೇ ಇನ್ನೊಂದು ಗೋಡೆಗೆ ಹಾಕೋಣ ಎಂದ. ಅವ್ವ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟಳು. ಎರಡು ವರ್ಷದಲ್ಲಿ ಆಕೆಗಾಗಿ ನಾವು ಏನೇನೋ ಮಾಡಿದ್ದೆವು. ಹೀಗೆ ಮುಂದೆ ನಿಲ್ಲಿಸಿ, ನಿನಗೆ ಹೇಗೆ ಬೇಕು ಎಂದು ಯಾರೂ ಕೇಳಿರಲಿಲ್ಲ. ಅಪ್ಪನ ಮುಖ ನೋಡಿದೆ. ಅವನಿಗೂ ಅದೇ ತಟ್ಟಿತ್ತು.

ದಾನಿಷ್ ಸುತ್ತಿಗೆ ಹಿಡಿದು ಕೂತ, ಹೊಡೆಯಲಿಲ್ಲ. "ಒಡಿಯಾಕ ಕೈ ಬರವಲ್ದು ಕಾಕಾ," ಎಂದ. ಅಪ್ಪ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ನಡುವಿನ ಟೈಲ್ಸಿಗೆ ತಾನೇ ಮೊದಲ ಏಟು ಹಾಕಿದ. ಸಂಜೆವರೆಗೂ ಇಬ್ಬರೂ ಸೇರಿ ಒಡೆದರು. ಮರುದಿನ ದಾನಿಷ್ ಹೊಸ ಟೈಲ್ಸ್ ಕೂಡಿಸಿದ. ಅಪ್ಪ ಸಿಮೆಂಟು ಕಲಸಿ ಕೊಡುತ್ತಾ ಅವನ ಕೈಯನ್ನೇ ನೋಡುತ್ತಾ ಕೂತಿದ್ದ ಎಂದು ಗಂಗಾ ಫೋನಿನಲ್ಲಿ ಹೇಳಿದಳು.

ಅದರ ಮುಂದಿನ ಸೋಮವಾರಕ್ಕೆ ನಾನು ರಜೆ ಹಾಕಿ ಹೋದೆ. ಅವ್ವ ಎರಡು ಬಕೆಟ್ ತುಂಬ ಬಿಸಿನೀರು ಇಡಿಸಿಕೊಂಡು, ಸೀಗೆಪುಡಿ ತೆಗೆದುಕೊಂಡು, ಕೋಲೂರುತ್ತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

"ಚಿಲಕಾ ಹಾಕಬ್ಯಾಡ!" ಅಪ್ಪ ಬಾಗಿಲಿಗೆ ಹೋಗಿ ಕೂಗಿದ.

"ಅತ್ತಾಗ ಹೋಗ್ರಿ ನೀವು. ಗಂಡಸ್ರಿಗೆ ಏನ್ ಕೆಲಸ ಇಲ್ಲಿ?"

ನೀರು ಬೀಳುವ ಸದ್ದು ಶುರುವಾಯಿತು. ಒಂದು ಚೊಂಬು, ಇನ್ನೊಂದು, ಮತ್ತೊಂದು. ಪ್ರತಿ ಚೊಂಬಿನ ಹಿಂದೆಯೂ ನೀರು ತೂತಿಗೆ ಇಳಿದು ಹೋಗುವ ಗುಳುಗುಳು ಸದ್ದು. ಅಪ್ಪ ಬಂದು ನನ್ನ ಪಕ್ಕ ಕೂತ. ನಡುವೆ ಒಮ್ಮೆ ಅವ್ವ ವಚನ ಗುನುಗುವುದು ಕೇಳಿಸಿತು.

"ಎರಡು ವರ್ಷ ದಿನಾ ಮುಂಜಾನೆ ನಾನ ನೀರು ಹಾಕೀನಿ, ಆಮ್ಯಾಲ ನೆಲಾ ಒರಸೀನಿ," ಎಂದ ಅಪ್ಪ, ಮೆಲ್ಲಗೆ. "ಆಕಿಗೆ ಸೇರ್ತಿದ್ದಿಲ್ಲ ಅಂತ ಗೊತ್ತಿತ್ತು ನನಗ. ಆದ್ರ ನನಗ ಅದು... ಈಗ ಆ ಹೊತ್ತಿನ್ಯಾಗ ನಾ ಏನ್ ಮಾಡ್ಲಿ ಶಿವಗಂಗಾ?"

ಆಕೆಗೆ ಏನು ಬೇಕಿತ್ತೋ ಅದನ್ನು ಅವನು ಕೊಟ್ಟಿದ್ದ. ಅದನ್ನು ಕೊಟ್ಟು, ದಿನಾ ಮುಂಜಾನೆ ಆಕೆಗಾಗಿ ಮಾಡುತ್ತಿದ್ದ ಕೆಲಸವನ್ನು ತಾನೇ ಕಳೆದುಕೊಂಡಿದ್ದ. ಅವನ ಹತ್ತಿರಕ್ಕೆ ಸರಿದು ಕೂತೆ.

ಅವ್ವ ಟವೆಲ್ಲು ಸುತ್ತಿದ ತಲೆಯಲ್ಲಿ ಹೊರಬಂದು, ಯಾರ ಕಡೆಯೂ ನೋಡದೆ ಪೂಜೆಗೆ ಕೂತಳು. ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದಳು. ಮುಖ ಬೇರೆಯೇ ಆಗಿತ್ತು. ಟವೆಲ್ಲು ಬಿಚ್ಚಿದರೆ ಒದ್ದೆ ಕೂದಲು ಬೆನ್ನ ತುಂಬ ಗಂಟುಗಂಟಾಗಿ ಬಿತ್ತು. ಒಂದು ಕೈಯಲ್ಲಿ ಅದು ಆಗುವ ಕೆಲಸವಲ್ಲ. ನಾನು ಎದ್ದು ಹಣಿಗೆ ತೆಗೆದುಕೊಂಡೆ.

"ನೀ ಕುಂದ್ರಬೇ," ಎಂದಳು. ನನ್ನ ಕೈಯಿಂದ ಹಣಿಗೆ ಇಸಿದುಕೊಂಡು ಅಪ್ಪನ ಕಡೆ ಚಾಚಿದಳು. "ಏನ್ರೀ, ಇಲ್ಲಿ ಬರ್ರಿ. ತಲಿ ಹಿಕ್ಕಿ ಕೊಡ್ರಿ."

ಎರಡು ವರ್ಷದಲ್ಲಿ ಆಕೆ ಅವನನ್ನು ಏನೂ ಕೇಳಿರಲಿಲ್ಲ. ಕೇಳುವ ಮೊದಲೇ ಎಲ್ಲ ನಡೆದುಹೋಗುತ್ತಿತ್ತು.

"ನಾನಾ?" ಎಂದ ಅಪ್ಪ.

"ಹೂಂರಿ. ನಿಮಗ ಹೇಳಾಕತ್ತೀನಿ."